60 ಹೋರಿಗಳು ಮೇವಿನಿಂದ ಹಿಂದೆ ಸರಿದ ದಿನ

ಆ ಬೆಳಿಗ್ಗೆ ಏಳನೇ ಪೆನ್ನಿನ (ಹೋರಿಗಳನ್ನು ಕೂಡಿಹಾಕುವ ಬೇಲಿಯ ಆವರಣದ) ಗೋದಲಿಯ ಮುಂದೆ ನಿಂತಾಗ ಮೂಗಿಗೆ ಬಡಿದ ಲವಂಗದ ಘಾಟು ಈಗಲೂ ನನ್ನ ನೆನಪಿನಿಂದ ಹೋಗಿಲ್ಲ. ಫಿನಿಶಿಂಗ್ ಹಂತದಲ್ಲಿದ್ದ, ಎಂದರೆ ಮಾಂಸಕ್ಕೆ ಕಳಿಸುವ ಮುನ್ನ ಕೊನೆಯ ಬಾರಿ ಕೊಬ್ಬಿಸುತ್ತಿದ್ದ 60 ಹೋರಿಗಳು ಮಿಕ್ಸರ್ ವ್ಯಾಗನ್ನಿನ ಸದ್ದು ಕೇಳಿ ಎಂದಿನಂತೆ ಸಾಲಾಗಿ ಬಂದವು, ಮೂತಿ ಇಳಿಸಿದವು, ಜೋರಾಗಿ ಉಸಿರು ಬಿಟ್ಟು ತಲೆ ಹಿಂದಕ್ಕೆಳೆದುಕೊಂಡವು. ಒಂದೆರಡು ಹೋರಿಗಳು ಮೇಲಿನ ಪದರವನ್ನು ಸರಿಸಿ ಹುಡುಕಾಡಿದವು. ಉಳಿದವು ನೀರಿನ ತೊಟ್ಟಿಯ ಕಡೆಗೆ ತಿರುಗಿದವು.

ಮೇವಿಗೆ ಬೆರೆಸುತ್ತಿದ್ದ ಮೊನೆನ್ಸಿನ್ ಎಂಬ ಪ್ರತಿಜೈವಿಕವನ್ನು ಕೈಬಿಟ್ಟು ಸಾರಭೂತ ತೈಲಗಳ (ಸಸ್ಯಗಳಿಂದ ತೆಗೆದ ಸುವಾಸನೆಯ ತೈಲಗಳ) ಮಿಶ್ರಣ ಬಳಸಬೇಕೆಂದು ಆಡಳಿತ ತೀರ್ಮಾನಿಸಿದಾಗ ಅದನ್ನು ಮನಃಪೂರ್ವಕವಾಗಿ ಒಪ್ಪಿಕೊಂಡವನು ನಾನು. ಬೆಳವಣಿಗೆಗಾಗಿ ಪ್ರತಿಜೈವಿಕಗಳನ್ನು ಮೇವಿಗೆ ಬೆರೆಸುವುದನ್ನು ಯುರೋಪಿಯನ್ ಒಕ್ಕೂಟ 2006ರ ಜನವರಿ 1ರಿಂದ ನಿಷೇಧಿಸಿದ ಮೇಲೆ ಈ ತೈಲಗಳಲ್ಲಿರುವ ಥೈಮಾಲ್, ಕಾರ್ವಕ್ರಾಲ್, ಯೂಜಿನಾಲ್, ಸಿನ್ನಮಾಲ್ಡಿಹೈಡ್‌ಗಳ ಮೇಲೆ ನಡೆದ ಕೆಲಸವನ್ನು ನಾನು ಆಸಕ್ತಿಯಿಂದ ಓದುತ್ತಾ ಬಂದಿದ್ದೆ. ಈ ಅಣುಗಳು ಕೊಬ್ಬಿನಲ್ಲಿ ಕರಗುವಂಥವು. ಬ್ಯಾಕ್ಟೀರಿಯಾದ ಪೊರೆಯೊಳಗೆ ಸೇರಿ ಅದನ್ನು ಸೋರುವಂತೆ ಮಾಡುತ್ತವೆ. ಕಾಳಿನ ಪಾಲು ಹೆಚ್ಚಿರುವ ಪಡಿತರದಿಂದ ರೂಮೆನ್ನಿನ (ಮೇವು ಹುದುಗುವ ಮೊದಲ ಹೊಟ್ಟೆಯ) ಪಿಹೆಚ್ 5.5ರ ಆಸುಪಾಸಿಗೆ ಇಳಿದಾಗ ಅವುಗಳಲ್ಲಿ ಕೆಲವು ಇನ್ನಷ್ಟು ಚೆನ್ನಾಗಿ ಕೆಲಸ ಮಾಡುತ್ತವೆ ಎಂಬುದೇ ಹೋರಿಗಳ ವಿಷಯದಲ್ಲಿ ನನಗೆ ಭರವಸೆ ಕೊಟ್ಟಿತ್ತು. ಪ್ರಮಾಣ ಕಡಿಮೆಯಾದರೆ ಏನೂ ಆಗುವುದಿಲ್ಲ, ಹೆಚ್ಚಾದರೆ ದನಕ್ಕೆ ಶಕ್ತಿ ಕೊಡುವ ಹುದುಗುವಿಕೆಯೇ ಕುಗ್ಗುತ್ತದೆ ಎಂಬುದೂ ನನಗೆ ತಿಳಿದಿತ್ತು.

ಮೊದಲ ಎರಡು ತಿಂಗಳು ಬಳಸಿದ್ದು ಲೇಪನವಿದ್ದ ಹರಳು. ಅದರಲ್ಲಿ ತೈಲದ ಅಂಶ ಶೇ. 20. ಖರೀದಿ ವಿಭಾಗ ಅಗ್ಗವಾಯಿತೆಂದು ತರಿಸಿದ ಹೊಸ ಸರಕು ಸಿಲಿಕಾಕ್ಕೆ ಹೀರಿಸಿದ ಪುಡಿಯಾಗಿತ್ತು, ಲೇಪನವಿರಲಿಲ್ಲ, ತೈಲದ ಅಂಶ ಶೇ. 60 ಇತ್ತು. ಮೇವಿನ ಮಿಶ್ರಣ ಲೆಕ್ಕ ಹಾಕುವ ಫಾರ್ಮುಲೇಶನ್ ಸಾಫ್ಟ್‌ವೇರಿನಲ್ಲಿ ಎರಡಕ್ಕೂ ಒಂದೇ ಐಟಂ ಕೋಡ್ ಇದ್ದುದರಿಂದ ತಲೆಗೆ 4 ಗ್ರಾಂ ಎಂಬ ಲೆಕ್ಕ ಹಾಗೆಯೇ ಉಳಿಯಿತು, 0.8 ಗ್ರಾಂ ತೈಲ ಹೋಗಬೇಕಾದಲ್ಲಿ 2.4 ಗ್ರಾಂ ಹೋಯಿತು. ಸಾಲದೆಂಬಂತೆ ಪುಡಿಯನ್ನು ಪ್ರೀಮಿಕ್ಸ್ ಮಾಡದೆ, ಎಂದರೆ ಮೊದಲೇ ಸ್ವಲ್ಪ ಮೇವಿನಲ್ಲಿ ಬೆರೆಸಿಕೊಳ್ಳದೆ, ನೇರವಾಗಿ ವ್ಯಾಗನ್ನಿಗೆ ಸುರಿದಿದ್ದರಿಂದ ಗೋದಲಿಯ ಅಲ್ಲಲ್ಲಿ ಅದು ಗಂಟುಗಂಟಾಗಿ ನಿಂತಿತ್ತು. ಹೊಸ ಸರಕಿನ ವಿವರಪತ್ರದಲ್ಲಿ ಘಟಕಗಳ ಹೆಸರುಗಳು ಒಂದೇ ಆಗಿರುವುದನ್ನು ನೋಡಿ ಸಹಿ ಹಾಕಿದ್ದು ನಾನೇ. ಶೇಕಡಾವಾರು ಅಂಶ ಅದೇ ಪುಟದ ಕೆಳಗೆ ಇತ್ತು.

ಆದರೆ ನನ್ನನ್ನು ಹೆಚ್ಚು ಕಾಡುವುದು ಆ ಸಹಿಯಲ್ಲ, ಅದರ ನಂತರದ ಗಂಟೆಗಳು. ಪೆನ್ ನೋಡಿಕೊಳ್ಳುವ ಹಿರಿಯರು ಹತ್ತಿರ ಬಂದು, “ಸಾರ್, ಈ ಮೇವು ಎತ್ತಿಸಿಬಿಡೋಣ, ಇವು ಇದನ್ನು ಮುಟ್ಟುವುದಿಲ್ಲ,” ಎಂದರು. ಹಸಿವಾದರೆ ತಾವಾಗಿಯೇ ತಿನ್ನುತ್ತವೆ, ವಾಸನೆಗೆ ಒಗ್ಗಿಕೊಳ್ಳಲಿ ಎಂದೆ. ಅವರು ಮತ್ತೆ ಮಾತನಾಡಲಿಲ್ಲ. ಹತ್ತು ಗಂಟೆಗೆ ಹೋಗಿ ನೋಡಿದೆ, ಹನ್ನೆರಡಕ್ಕೆ ನೋಡಿದೆ. ಗೋದಲಿಯಲ್ಲಿ ಉಳಿದ ಮೇವನ್ನು ಅಳೆಯುವ ಬಂಕ್ ಸ್ಕೋರ್ ಬದಲಾಗಿರಲಿಲ್ಲ. ಎರಡು ಗಂಟೆಯ ಹೊತ್ತಿಗೆ ಹೋರಿಗಳು ಬೇಲಿಗೆ ಒರಗಿ ಕೂಗತೊಡಗಿದವು, ಆಗಲೂ ನಾನು ಕಾದೆ. ನಾಲ್ಕು ಗಂಟೆಗೆ ಗೋದಲಿ ಖಾಲಿ ಮಾಡಿಸಿ, ತೈಲವಿಲ್ಲದ ಹೊಸ ಟಿಎಂಆರ್ (ಕಾಳು, ಹುಲ್ಲು ಎಲ್ಲವನ್ನೂ ಒಟ್ಟಿಗೆ ಬೆರೆಸಿದ ಮೇವು) ಹಾಕಿಸಿದೆ, ಅದೂ ಇಡೀ ದಿನದ ಪಡಿತರವನ್ನು ಒಂದೇ ಸಲಕ್ಕೆ. ಮುಕ್ಕಾಲು ಗಂಟೆಯಲ್ಲಿ ಗೋದಲಿ ಬರಿದಾಯಿತು. ಅವು ಹಾಗೆ ತಿನ್ನುವುದನ್ನು ನೋಡಿ ನನಗೆ ಸಮಾಧಾನವಾಗಿತ್ತು.

ಮೊನೆನ್ಸಿನ್ ಬರೀ ಬ್ಯಾಕ್ಟೀರಿಯಾವನ್ನು ತಡೆಯುವ ವಸ್ತುವಲ್ಲ, ದನ ಒಂದೇ ಸಲಕ್ಕೆ ಹೆಚ್ಚು ತಿನ್ನದೆ ದಿನವಿಡೀ ಸ್ವಲ್ಪಸ್ವಲ್ಪವೇ ತಿನ್ನುವಂತೆಯೂ ಮಾಡುತ್ತದೆ. ಅದನ್ನು ತೆಗೆದಾಗ ಆ ಕಾವಲೂ ಹೋಗಿತ್ತೆಂಬುದನ್ನು ನಾನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಹಸಿದ ಹೊಟ್ಟೆಗೆ ಅಷ್ಟು ಪಿಷ್ಟ ಒಮ್ಮೆಲೇ ಬಿದ್ದರೆ ರೂಮೆನ್ನಿನಲ್ಲಿ ಲ್ಯಾಕ್ಟಿಕ್ ಆಮ್ಲ ತುಂಬಿಕೊಳ್ಳುತ್ತದೆ. ಮರುದಿನ ಬೆಳಿಗ್ಗೆ 11 ಹೋರಿಗಳು ಬೂದುಬಣ್ಣದ, ನೊರೆಗಟ್ಟಿದ ಸಗಣಿ ಹಾಕುತ್ತಾ ಮೆಲುಕು ನಿಲ್ಲಿಸಿದ್ದವು. ಪಶುವೈದ್ಯರು ಮೆಗ್ನೀಸಿಯಂ ಹೈಡ್ರಾಕ್ಸೈಡ್ ಕುಡಿಸಿ, ಕಾಳು ಪೂರ್ತಿ ನಿಲ್ಲಿಸಿ, ಒಣಹುಲ್ಲನ್ನು ಮಾತ್ರ ಹಾಕಿಸಿದರು. ಹತ್ತು ಚೇತರಿಸಿಕೊಂಡವು. ಒಂದು ಹೋರಿ ಮೂರನೆಯ ದಿನ ಸತ್ತಿತು. ಆ ಪೆನ್ನನ್ನು ಮತ್ತೆ ಫಿನಿಶಿಂಗ್ ಪಡಿತರಕ್ಕೆ ಹಂತಹಂತವಾಗಿ ತರಲು ಮೂರು ವಾರ ಹಿಡಿಯಿತು.

ವಿಚಾರಣಾ ಸಭೆಯಲ್ಲಿ ಎಲ್ಲರೂ ತೈಲದ ಮೇಲೆಯೇ ತಪ್ಪು ಹೊರಿಸಿದರು. ನೈಸರ್ಗಿಕ ಎನ್ನುವುದೆಲ್ಲ ಹೀಗೆಯೇ ಎಂದು ಒಬ್ಬರು ಹೇಳಿದಾಗ ನಾನು ಅದನ್ನು ಒಪ್ಪಲಿಲ್ಲ, ಈಗಲೂ ಒಪ್ಪುವುದಿಲ್ಲ. ತೈಲದಿಂದ ಹೋರಿಗಳು ಮೇವು ಬಿಟ್ಟವು ನಿಜ, ಆದರೆ ಕಾಯಿಲೆ ಬಂದದ್ದು ನಾನು ಸಂಜೆ ಹಾಕಿಸಿದ ಮೇವಿನಿಂದ. ಈಗ ಯಾವ ಪೆನ್ ಮೇವು ಬಿಟ್ಟರೂ ಒಂದು ಗಂಟೆಯೊಳಗೆ ಗೋದಲಿ ಖಾಲಿ ಮಾಡಿಸಿ, ಮೊದಲು ಒಣಹುಲ್ಲು ಕೊಟ್ಟು, ಪಡಿತರವನ್ನು ಕಡಿಮೆ ಮಾಡಿ ಕಂತುಗಳಲ್ಲಿ ಹಾಕಿಸುತ್ತೇನೆ. ಲೇಪನವಿರುವ ಹರಳಿಗೆ ಮರಳಿದ್ದೇವೆ, ತೈಲವನ್ನು ತಲೆಗೆ ಇಷ್ಟು ಗ್ರಾಂ ಸಕ್ರಿಯ ಅಂಶ ಎಂದೇ ಬರೆಯುತ್ತೇವೆ. ಎರಡು ಸರಕಿಗೂ ಪ್ರತ್ಯೇಕ ಐಟಂ ಕೋಡ್ ಬೇಕೆಂದು ನಾನು ಮೂರು ಬಾರಿ ಬರೆದು ಕೊಟ್ಟಿದ್ದೇನೆ. ಸಾಫ್ಟ್‌ವೇರಿನಲ್ಲಿ ಅದು ಇನ್ನೂ ಒಂದೇ ಆಗಿದೆ. ಹಾಗಾಗಿ ಪ್ರತಿ ಹೊಸ ಚೀಲ ಬಂದಾಗಲೂ ಮಿಲ್ಲಿಗೆ ನಾನೇ ಹೋಗಿ ಲೇಬಲ್ ಓದುತ್ತೇನೆ, ಆ ಹಿರಿಯರನ್ನೂ ಜೊತೆಗೆ ಕರೆದೊಯ್ಯುತ್ತೇನೆ.