ಶಿರಸಿ ಮನೆಯ ಸೋಲಾರ್: ಸದ್ಯಕ್ಕೆ ಜುಲೈ ಲೆಕ್ಕ

ಪ್ಯಾನೆಲ್ ಇನ್ನೂ ತಂದಿಲ್ಲ. ಬಿಸಿಲು ಎಷ್ಟು ಸಿಗುತ್ತದೆ ಅಂತ ಗೊತ್ತಾಗಲಿ, ಆಮೇಲೆ ದುಡ್ಡು ಬಿಚ್ಚೋಣ ಅಂತ ಈ ವಾರ ನಕ್ಷೆ ಹಿಡಿದು ಕೂತೆ.

ಮೊದಲು ನೋಡಿದ್ದು ಗ್ಲೋಬಲ್ ಸೋಲಾರ್ ಅಟ್ಲಾಸ್. ವಿಶ್ವಬ್ಯಾಂಕಿನದ್ದು, ಪುಕ್ಕಟೆ. ಉಪಗ್ರಹದ ಚಿತ್ರಗಳಲ್ಲಿ ಮೋಡ ಎಷ್ಟಿತ್ತು ಅಂತ ವರ್ಷಗಟ್ಟಲೆ ನೋಡಿ, ಒಂದು ಚದರ ಮೀಟರ್ ಜಾಗಕ್ಕೆ ಎಷ್ಟು ಯುನಿಟ್ ಬಿಸಿಲು ಬೀಳುತ್ತದೆ ಅಂತ ಲೆಕ್ಕ ಕೊಡುತ್ತದೆ. ದಿನಕ್ಕೆ 5 ಯುನಿಟ್ ಅಂದರೆ 5 ಗಂಟೆ ಪೂರ್ತಿ ಬಿಸಿಲು ಅಂದುಕೊಳ್ಳಿ. 2 ಕಿಲೋವ್ಯಾಟ್ ಪ್ಯಾನೆಲ್ ಇದ್ದರೆ 10 ಯುನಿಟ್ ಆಯಿತು. ಅದರಲ್ಲಿ ಬಿಸಿ, ಧೂಳು, ವೈರು, ಇನ್ವರ್ಟರ್ ಎಲ್ಲ ತಿಂದು ಮುಕ್ಕಾಲು ಉಳಿದರೆ ಏಳೂವರೆ.

ಆದರೆ ಇದು ವರ್ಷದ ಸರಾಸರಿ ಹಿಡಿದು ಹಾಕುವ ಲೆಕ್ಕ. ಕಾರವಾರದ ಭಾವನಿಗೆ ಇದು ಸಾಕು, ಅವನದ್ದು ಲೈನಿಗೆ ಜೋಡಿಸಿದ ಸೋಲಾರ್, ಮಳೆಗಾಲದಲ್ಲಿ ಕಡಿಮೆ ಬಂದರೂ ವರ್ಷದ ಮೊತ್ತ ಸರಿ ಇದ್ದರಾಯಿತು. ನನಗೆ ಬೇಕಾದದ್ದು ಬ್ಯಾಟರಿಗೆ, ಅದೂ ಮರ ಬಿದ್ದು ಕರೆಂಟ್ ಹೋಗುವ ಜುಲೈಯಲ್ಲಿ! ಹಾಗಾಗಿ ಯುರೋಪಿಯನ್ ಕಮಿಷನ್‌ನ ಪಿವಿಜಿಐಎಸ್ ಅನ್ನುವ ಬಿಸಿಲಿನ ಲೆಕ್ಕದ ವೆಬ್‌ಸೈಟ್ ತೆರೆದು ತಿಂಗಳುವಾರು ಗ್ರಾಫ್ ನೋಡಿದೆ. ಮಾರ್ಚ್‌ನ ಕಂಬದ ಪಕ್ಕ ಜುಲೈಯದ್ದು ಕುಳ್ಳ. ಬ್ಯಾಟರಿಯ ಪ್ಯಾನೆಲ್ ಎಷ್ಟು ಬೇಕು ಅಂತ ಆ ಕುಳ್ಳನನ್ನೇ ಕೇಳಬೇಕು. ತೋಟದ ಪಂಪಿಗೆ ಈ ತಲೆಬಿಸಿ ಇಲ್ಲ, ಅಡಿಕೆಗೆ ನೀರು ಬೇಕಾಗುವುದೇ ಬೇಸಿಗೆಯಲ್ಲಿ ಅಲ್ವಾ.

ಶಿರಸಿ 14.6 ಡಿಗ್ರಿ ಉತ್ತರಕ್ಕಿದೆ, ಆದ್ದರಿಂದ ದಕ್ಷಿಣಕ್ಕೆ ಸುಮಾರು 15 ಡಿಗ್ರಿ ಇಳಿಜಾರು ಸಾಕು. ಮಳೆಗಾಲದಲ್ಲಿ ಬರುವುದು ಹೆಚ್ಚಾಗಿ ಮೋಡದಲ್ಲಿ ಚದುರಿದ ಬೆಳಕು, ಆಗ ಎಷ್ಟು ವಾಲಿಸಿದರೂ ಅಷ್ಟೇ.

ನಕ್ಷೆ ಗುಡ್ಡದ ನೆರಳನ್ನು ಲೆಕ್ಕಕ್ಕೆ ಹಿಡಿಯುತ್ತದೆ, ನಮ್ಮ ಅಡಿಕೆ ಮರ ಅದಕ್ಕೆ ಕಾಣುವುದಿಲ್ಲ. ಡಿಸೆಂಬರ್ ಮಧ್ಯಾಹ್ನ ಸೂರ್ಯ ಇಲ್ಲಿ 52 ಡಿಗ್ರಿ ಎತ್ತರದಲ್ಲಿರುತ್ತಾನೆ, ಮಾಡಿಗಿಂತ 10 ಮೀಟರ್ ಮೇಲೆ ಹೋದ ಮರದ ನೆರಳು ಹತ್ತಿರ ಹತ್ತಿರ 8 ಮೀಟರ್ ಬೀಳುತ್ತದೆ. ಒಂದು ಪ್ಯಾನೆಲ್ ಮೇಲೆ ನೆರಳು ಬಿದ್ದರೆ ಸಾಲಿನಲ್ಲಿ ಜೋಡಿಸಿದ ಉಳಿದವಕ್ಕೂ ಪೆಟ್ಟು. ಅಡಿಕೆ ಕಡಿಯುವ ಮಾತು ಮನೆಯಲ್ಲಿ ಎತ್ತುವ ಹಾಗಿಲ್ಲ, ಹಾಗಾಗಿ ಹೆಂಚಿನ ಮಾಡು ಬಿಟ್ಟು ಅಂಗಳದ ಬಡಗು ಬದಿಗೆ ಕಬ್ಬಿಣದ ಸ್ಟ್ಯಾಂಡ್ ನಿಲ್ಲಿಸುವುದು ಅಂತ ಆಯಿತು. ವೆಲ್ಡಿಂಗ್‌ನವರಿಗೆ ಅಳತೆ ಕೊಟ್ಟಾಗಿದೆ.