ರಾತ್ರಿ ಒಂಬತ್ತಾಗುವವರೆಗೆ ಬರ್ಗರ್ ತೋರಿಸುವಂತಿಲ್ಲ

ಬ್ರಿಟನ್ನಿನಲ್ಲಿ ಜಂಕ್ ಫುಡ್ ಜಾಹೀರಾತೇ ಬಂದ್ ಆಗಿದೆಯಂತೆ ಎಂಬ ಸುದ್ದಿ ಊರಿಗೆ ಮುಟ್ಟಿದ್ದರೆ, ಅದರಲ್ಲಿ ಅರ್ಧ ನಿಜ. 2026ರ ಜನವರಿ 5ರಿಂದ ಇಂಥ ತಿನಿಸುಗಳ ಜಾಹೀರಾತನ್ನು ಬೆಳಗಿನ 5.30ರಿಂದ ರಾತ್ರಿ 9ರವರೆಗೆ ಟಿವಿಯಲ್ಲಿ ಹಾಕುವಂತಿಲ್ಲ. ಇಂಟರ್‌ನೆಟ್ಟಿನಲ್ಲಿ ದುಡ್ಡು ಕೊಟ್ಟು ಹಾಕಿಸುವುದಕ್ಕಂತೂ ಹಗಲೂ ಇಲ್ಲ, ರಾತ್ರಿಯೂ ಇಲ್ಲ.

ಯಾವುದು ಜಂಕ್ ಎಂಬುದಕ್ಕೆ ಇಲ್ಲಿ ಲೆಕ್ಕವಿದೆ. ತಿನಿಸು ಮೊದಲು ಕಾನೂನು ಹೆಸರಿಸಿದ 13 ವರ್ಗಗಳಲ್ಲಿ ಒಂದಕ್ಕೆ ಸೇರಿರಬೇಕು (ಬೆಣ್ಣೆ, ಎಣ್ಣೆ ಆ ಪಟ್ಟಿಯಲ್ಲೇ ಇಲ್ಲ). ಆಮೇಲೆ 100 ಗ್ರಾಮಿನಲ್ಲಿರುವ ಶಕ್ತಿ, ಸ್ಯಾಚುರೇಟೆಡ್ ಕೊಬ್ಬು, ಸಕ್ಕರೆ, ಸೋಡಿಯಂಗೆ ತಲಾ 10ರವರೆಗೆ ಅಂಕ ಕೂಡಿಸುತ್ತಾರೆ. ಹಣ್ಣು-ತರಕಾರಿ-ಬೀಜ, ನಾರು, ಪ್ರೋಟೀನಿಗೆ ತಲಾ 5ರವರೆಗೆ ಕಳೆಯುತ್ತಾರೆ. ಉಳಿದದ್ದು ತಿನಿಸಿಗೆ 4, ಪಾನೀಯಕ್ಕೆ 1 ಮುಟ್ಟಿದರೆ ನಿಷೇಧ. 100 ಮಿಲಿಲೀಟರಿಗೆ 10.6 ಗ್ರಾಂ ಸಕ್ಕರೆಯಿರುವ ಕೋಲಾಕ್ಕೆ 2 ಅಂಕ, ಸಿಕ್ಕಿಬಿತ್ತು. ಅದರ ಡಯಟ್ ಅವತಾರಕ್ಕೆ ಸೊನ್ನೆ, ಪಾರಾಯಿತು. ಪ್ರೋಟೀನ್ ಪುಡಿ ಬೆರೆಸಿ ನುಣುಚಿಕೊಳ್ಳೋಣವೆಂದರೆ ಅದಕ್ಕೂ ತಡೆಯಿದೆ: ಕೂಡಿಸಿದ ಕೆಟ್ಟ ಅಂಕ 11 ಮುಟ್ಟಿದರೆ, ಹಣ್ಣು-ತರಕಾರಿಗೆ ಪೂರ್ತಿ 5 ಸಿಗದ ಹೊರತು, ಪ್ರೋಟೀನನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ.

ಇಷ್ಟು ಬಿಗಿಯಾಗಿ ಹೆಣೆದ ಮೇಲೆ ಬಾಗಿಲನ್ನೇ ತೆರೆದಿಟ್ಟಿದ್ದಾರೆ. ನಿರ್ದಿಷ್ಟ ತಿನಿಸು ಗುರುತಾಗದಿದ್ದರೆ ಸಾಕು, ಕಂಪನಿಯ ಹೆಸರು, ಲೋಗೋ, ಹಾಡು ಸಂಜೆ ಏಳಕ್ಕೂ ಬರಬಹುದು. ಲೋಗೋ ಕಂಡ ಮಗುವಿಗೆ ಬರ್ಗರ್ ನೆನಪಾಗದು ಎಂದು ನಂಬುವುದು ಹೇಗೆ? ನಮ್ಮ ಮಟ್ಟಿಗೆ ದೊಡ್ಡ ತೂತು ಇದೇ. ರೇಡಿಯೊ, ಕಂಪನಿಯ ಸ್ವಂತ ವೆಬ್‌ಸೈಟು, ರಸ್ತೆಬದಿಯ ಹೋರ್ಡಿಂಗು ಕೂಡ ಈ ಕಾನೂನಿನ ಹೊರಗೆ. ಲಂಡನ್ನಿನ ಮೆಟ್ರೊ, ಬಸ್ಸುಗಳಲ್ಲಿ ಮಾತ್ರ 2019ರಿಂದ ಬೇರೆಯೇ ನಿಷೇಧವಿದೆ. 250ಕ್ಕಿಂತ ಕಡಿಮೆ ನೌಕರರಿರುವವರಿಗೆ ವಿನಾಯಿತಿ ಇರುವುದರಿಂದ ಬ್ರಿಟನ್ನಿನಲ್ಲಿರುವ ನಮ್ಮ ಸಣ್ಣ ಮಿಠಾಯಿ ಅಂಗಡಿಯವರು ಮೈಸೂರ್‌ಪಾಕನ್ನು ಫೇಸ್‌ಬುಕ್ಕಿನಲ್ಲಿ ಧಾರಾಳವಾಗಿ ಮೆರೆಸಬಹುದು.

ಭಾರತದಲ್ಲಿ 2022ರ ಮಾರ್ಗಸೂಚಿ ಚಿಪ್ಸ್, ಸೋಡಾ ಪಾನೀಯಗಳ ಜಾಹೀರಾತನ್ನು ಮಕ್ಕಳ ಕಾರ್ಯಕ್ರಮ, ಮಕ್ಕಳ ಚಾನೆಲ್‌ಗಳಲ್ಲಿ ತಡೆಯುತ್ತದೆ. ಬ್ರಿಟನ್ 2007ರಲ್ಲಿ ಹೊರಟದ್ದೂ ಅಲ್ಲಿಂದಲೇ. ಮಕ್ಕಳು ಸಂಜೆ ದೊಡ್ಡವರ ಜೊತೆ ಕೂತು ದೊಡ್ಡವರ ಕಾರ್ಯಕ್ರಮವನ್ನೇ ನೋಡುವುದರಿಂದ ಗಡಿಯಾರದ ನಿಯಮಕ್ಕೆ ಬರಬೇಕಾಯಿತು. ಐಪಿಎಲ್ ಕೂಡ ಮಕ್ಕಳ ಕಾರ್ಯಕ್ರಮವಲ್ಲವಲ್ಲ! ಅಂಕದ ಲೆಕ್ಕಕ್ಕೆ ಬೇಕಾದ ಶಕ್ತಿ, ಸಕ್ಕರೆ, ಸ್ಯಾಚುರೇಟೆಡ್ ಕೊಬ್ಬು, ಸೋಡಿಯಂ ನಮ್ಮ ಪೊಟ್ಟಣಗಳ ಹಿಂದೆ ಈಗಾಗಲೇ ಅಚ್ಚಾಗುತ್ತಿವೆ. ಕಳೆಯುವ ಲೆಕ್ಕಕ್ಕೆ ನಾರಿನಂಶವನ್ನೂ ಕಡ್ಡಾಯ ಮಾಡಬೇಕಾಗುತ್ತದೆ.