ಒಳಕ್ಕೋ ಹೊರಕ್ಕೋ

ಮಂಗಳವಾರದಿಂದ ನನಗೊಂದು ಚಾಳಿ ಅಂಟಿಕೊಂಡಿದೆ. ಯಾವ ಕಟ್ಟಡಕ್ಕೆ ಹೋದರೂ ಮೊದಲು ಬಾಗಿಲು ನೋಡುತ್ತೇನೆ. ಒಳಕ್ಕೆ ತೆಗೆಯುತ್ತೋ, ಹೊರಕ್ಕೆ ತೆಗೆಯುತ್ತೋ ಅಂತ. ಬ್ಯಾಂಕಿನಲ್ಲಿ ಹೀಗೇ ಬಾಗಿಲನ್ನು ತಳ್ಳಿ, ಎಳೆದು, ಮತ್ತೆ ತಳ್ಳಿ ನೋಡುತ್ತಿದ್ದೆ. ಕಾವಲಿನವರು ಎದ್ದು ಬಂದು, "ಏನ್ ಸಾರ್, ಏನಾಗಬೇಕಿತ್ತು?" ಅಂದರು. ಏನು ಹೇಳೋದು? ಸುಮ್ನೆ ಟೋಕನ್ ತಗೊಂಡು ಕೂತೆ.

ಇದಕ್ಕೆಲ್ಲ ಕಾರಣ ನಮ್ಮ ಬೀದಿಯ ಫೈರ್ ತಾತ.

ಅಕ್ಕನ ಮಗನಿಗೆ ಅಗ್ನಿಶಾಮಕ ಇಲಾಖೆಯಲ್ಲಿ ಕೆಲಸ ಆಗಿದೆ. ತರಬೇತಿಗೆ ಕರೆ ಬರುವುದೊಂದು ಬಾಕಿ. ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯಲ್ಲಿ ಇಲಾಖೆಯ ಅಕಾಡೆಮಿ ಇದೆ, ಆರ್. ಎ. ಮುಂಡ್ಕೂರ್ ಅವರ ಹೆಸರಿನದು. ಅಲ್ಲಿಗೆ ಹೋಗುವ ತನಕ ಮೈ ಸಡಿಲ ಬಿಡಬಾರದು ಅಂತ ಹುಡುಗ ಕತ್ತಲಿರುವಾಗಲೇ ಹೈಸ್ಕೂಲ್ ಮೈದಾನಕ್ಕೆ ಓಡುತ್ತಾನೆ. ಅಲ್ಲಿ ಇಡೀ ತಾಲ್ಲೂಕಿನ ಹುಡುಗರು ಇರುತ್ತಾರೆ. ಪೊಲೀಸ್‌ಗೆ ಹೋಗುವವರು, ಮಿಲಿಟರಿಗೆ ಹೋಗುವವರು, ಫಾರೆಸ್ಟ್ ಗಾರ್ಡ್ ಆಗುವವರು, ಎಲ್ಲರಿಗೂ ಅದೇ ಮೈದಾನ, ಅದೇ ರೌಂಡು.

ಭಾವನಿಗೆ ಈ ಕೆಲಸದ ಬಗ್ಗೆ ಅಷ್ಟೇನೂ ಸಮಾಧಾನ ಇಲ್ಲ. "ಪೊಲೀಸ್ ಆಗಿದ್ದರೆ ಒಂದು ಗತ್ತಿರೋದು" ಅನ್ನುತ್ತಾರೆ. ಭಾವ ಒಳ್ಳೆಯವರೇ. ಆದರೆ ಸರ್ಕಾರಿ ಕೆಲಸ ಅಂದರೆ ಊರು ಹೆದರಬೇಕು, ಇಲ್ಲವೇ ಫ್ಯಾನ್ ಕೆಳಗೆ ಕೂರಬೇಕು, ಎರಡರಲ್ಲಿ ಒಂದಾದರೂ ಇರಬೇಕು ಅಂತ ನಂಬಿದವರು. ಫೈರ್ ಕೆಲಸದಲ್ಲಿ ಎರಡೂ ಇಲ್ಲ.

ಫೈರ್ ತಾತ ಇಲಾಖೆಯಲ್ಲಿ ಪ್ರಮುಖ ಅಗ್ನಿಶಾಮಕ ಆಗಿ ರಿಟೈರ್ ಆದವರು. ನಮ್ಮದು ತಿಪಟೂರು ಕಡೆಯ ತೆಂಗಿನ ಸೀಮೆ. ಕೊಬ್ಬರಿಗೆ ಅಂತ ಕಾಯನ್ನು ತಿಂಗಳುಗಟ್ಟಲೆ ಅಟ್ಟದ ಮೇಲೆ ಒಣಗಿಸುವ ಊರುಗಳು. ಅಂಥ ಅಟ್ಟಕ್ಕೆ ಬೆಂಕಿ ಬಿದ್ದರೆ ಏನಾಗುತ್ತೆ ಅಂತ ಅವರ ಬಾಯಲ್ಲೇ ಕೇಳಬೇಕು. ನಾರಿನ ರಾಶಿಯ ಬೆಂಕಿ ಇನ್ನೂ ಕೆಟ್ಟದ್ದಂತೆ. ಮೇಲೆ ಎಷ್ಟು ನೀರು ಹೊಡೆದರೂ ಒಳಗೊಳಗೇ ಕನಲುತ್ತಾ ಇರುತ್ತೆ. ರಾಶಿಯನ್ನು ಕೆದರಿ, ಮಗುಚಿ, ಮತ್ತೆ ನೀರು ಬಿಡಬೇಕು. "ಸಿನಿಮಾದಲ್ಲಿ ಪೈಪ್ ಹಿಡಿದು ನಿಲ್ಲೋದು ತೋರಿಸ್ತಾರೆ, ಗುದ್ದಲಿ ಹಿಡಿಯೋದು ತೋರಿಸೋದೇ ಇಲ್ಲ" ಅಂತ ನಗುತ್ತಾರೆ.

ಹುಡುಗನಿಗೆ ಕೆಲಸ ಆದ ಸುದ್ದಿ ಕೇಳಿ ತಾತ ತಾವಾಗಿಯೇ ಬಂದರು. ಮೊದಲು ಅವನ ಅಂಗೈ ಮುಟ್ಟಿ ನೋಡಿದರು. "ಕಾಲು ಬೆಳೆಸಿದ್ದೀಯ, ಕೈ ಬೆಳೆಸಿಲ್ಲ" ಅಂದರು. ಆಮೇಲೆ ಶುರುವಾಯಿತು ನೋಡಿ. ಅಕ್ಕಿ ಮೂಟೆ ಹೆಗಲ ಮೇಲಿಟ್ಟುಕೊಂಡು ಟೆರೇಸ್‌ಗೆ ಹತ್ತಿ ಇಳಿಯುವುದು. ಹಗ್ಗ ಹಿಡಿದು ಜೋತಾಡುವುದು. 63 ಮಿಲಿಮೀಟರ್ ದಪ್ಪದ, 15 ಮೀಟರ್ ಉದ್ದದ ಒಂದು ಹೋಸ್ ಪೈಪಿಗೆ ನೀರು ತುಂಬಿದರೆ ಆ ನೀರಿನ ತೂಕವೇ 45 ಕೆಜಿ ದಾಟುತ್ತೆ. ಅದನ್ನು ಎಳೆದುಕೊಂಡು ಮೆಟ್ಟಿಲು ಹತ್ತಬೇಕಾದವನು ಚಡ್ಡಿ ಬನಿಯನ್ನಿನಲ್ಲಿ ಮೈದಾನ ಸುತ್ತಿ ಏನು ಪ್ರಯೋಜನ ಅನ್ನೋದು ತಾತನ ಲೆಕ್ಕ.

ಉಸಿರಿನ ಪಾಠ ಬೇರೆ. ಹೊಗೆಯೊಳಗೆ ಹೋಗುವಾಗ ಬೆನ್ನಿಗೆ ಗಾಳಿ ಸಿಲಿಂಡರ್ ಕಟ್ಟುತ್ತಾರಲ್ಲ, ಅದರಲ್ಲಿ ಗಾಳಿಯ ಒತ್ತಡ ಸುಮಾರು 50 ಬಾರ್‌ಗೆ ಇಳಿದಾಗ ಸೀಟಿ ಹೊಡೆಯುತ್ತೆ. ಹೊರಗೆ ಬಾ ಅಂತ. ಗಾಬರಿಯಾಗಿ ಏದುಸಿರು ಬಿಡುವವನಿಗೆ ಆ ಸೀಟಿ ಬೇಗ ಕೇಳುತ್ತೆ. ಎದೆಗುಂಡಿಗೆ ಜಾಸ್ತಿ ಇರುವವನಿಗಿಂತ ಉಸಿರು ಹಿಡಿತದಲ್ಲಿ ಇರುವವನು ಒಳಗೆ ಜಾಸ್ತಿ ಹೊತ್ತು ಇರಬಲ್ಲ. ಮೂಟೆ ಹೊತ್ತು ಹತ್ತುವಾಗ ಮೂಗಿನಲ್ಲೇ ಉಸಿರಾಡು ಅಂತ ತಾತ ಕೆಳಗೆ ನಿಂತು ಕೂಗುತ್ತಾರೆ. ಬೀದಿಯವರಿಗೆಲ್ಲ ಪುಕ್ಕಟೆ ಮನರಂಜನೆ.

ಗಂಟು ಕಲಿಸುವ ದಿನ ಮಾತ್ರ ನಮ್ಮಮ್ಮನೇ ಗೆದ್ದಳು. ಕ್ಲೋವ್ ಹಿಚ್ ಅಂತ ತಾತ ಕಂಬಕ್ಕೆ ಒಂದು ಗಂಟು ಹಾಕಿ ತೋರಿಸಿದರು. ಅಮ್ಮ ಇಣುಕಿ ನೋಡಿ, "ಇದಕ್ಕೆ ಬೆಂಗಳೂರಿಗೆ ಹೋಗಬೇಕಾ? ದನ ಗೂಟಕ್ಕೆ ಕಟ್ಟೋದು ಹೆಚ್ಚುಕಮ್ಮಿ ಹೀಗೇ ಅಲ್ವಾ" ಅಂದಳು. ತಾತ ಒಪ್ಪಿದರು. ಆದರೆ ಬೋಲೈನ್ ಬಂದಾಗ ಅಮ್ಮನೂ ಸುಮ್ಮನಾದಳು. ಅದು ಎಳೆದರೂ ಬಿಗಿಯಾಗದ ಕುಣಿಕೆ. ಬಾವಿಗೆ ಬಿದ್ದವರನ್ನು ಮೇಲೆತ್ತುವಾಗ ಮೈಗೆ ಹಾಕುವುದು ಅದನ್ನೇ. ಜೀರುಗುಣಿಕೆ ಹಾಕಿ ಎಳೆದರೆ ಉಳಿಸಲು ಹೋದವರೇ ಉಸಿರು ಕಟ್ಟಿಸಿಬಿಡುತ್ತಾರೆ. ಬಾವಿಗೆ ಇಳಿಯುವ ಮುಂಚೆ ಗಾಳಿಯ ಯೋಚನೆ ಮಾಡಬೇಕು ಅನ್ನೋದನ್ನೂ ಹೇಳಿದರು. ಹಾಳುಬಾವಿಯ ತಳದಲ್ಲಿ ಉಸಿರಾಡುವ ಗಾಳಿಯೇ ಇರದೆ, ಒಬ್ಬನನ್ನು ಎತ್ತಲು ಇಳಿದ ಇನ್ನೊಬ್ಬ, ಅವನ ಹಿಂದೆ ಮತ್ತೊಬ್ಬ ಹೀಗೆ ಸಾಲಾಗಿ ಸತ್ತ ಸುದ್ದಿ ನಾವೆಲ್ಲ ಪೇಪರಿನಲ್ಲಿ ಓದಿದ್ದೇವೆ.

ಇನ್ನು ಮಂಗಳವಾರದ ವಿಷಯ.

ತಾತ ಅಕ್ಕನ ಮನೆಗೆ ಬಂದು, ಹುಡುಗನ ಕಣ್ಣಿಗೆ ಟವೆಲ್ ಬಿಗಿದು, ಒಳಗಿನ ಕೋಣೆಯ ಮೂಲೆಯಲ್ಲಿ ಕೂರಿಸಿದರು. "ಮನೆ ತುಂಬ ಹೊಗೆ. ಏನೂ ಕಾಣ್ತಿಲ್ಲ. ಆಚೆ ಬಾ." ಅಷ್ಟೇ. ನಾವೆಲ್ಲ ಹಾಲ್‌ನಲ್ಲಿ ನಿಂತು ನೋಡುತ್ತಿದ್ದೆವು. ಹುಡುಗ ಎದ್ದು ನಿಂತ. "ಎದ್ದರೆ ಹೋದೆ! ಹೊಗೆ ಮೇಲಿರುತ್ತೆ, ನೆಲ ಹಿಡಿ" ಅಂತ ಒಂದು ಗದರು. ಮಂಡಿಯೂರಿದ. ಎಡಗೈ ಗೋಡೆ ಮೇಲೆ, ಯಾವ ಕಾರಣಕ್ಕೂ ಗೋಡೆ ಬಿಡಬಾರದು. ಬಲಗೈಯಲ್ಲಿ ಮುಂದೆ ತಡವಬೇಕು, ಅದೂ ಅಂಗೈಯಿಂದಲ್ಲ, ಕೈಯ ಹಿಂಭಾಗದಿಂದ. ಕರೆಂಟ್ ಇರುವ ವೈರು ಅಂಗೈಗೆ ತಾಗಿದರೆ ಬೆರಳು ಮಡಚಿಕೊಂಡು ಅದನ್ನೇ ಹಿಡಿದುಬಿಡುತ್ತವೆ. ಹಿಂಗೈಗೆ ತಾಗಿದರೆ ಕೈ ದೂರ ಹೋಗುತ್ತೆ.

ಹುಡುಗ ಹೊಲಿಗೆ ಮಷೀನಿಗೆ ತಲೆ ಹೊಡೆದುಕೊಂಡ. ರಾಗಿ ಡ್ರಮ್ಮನ್ನು ಸುತ್ತಿ ಬಂದ. ಅಂತೂ ಮುಂಬಾಗಿಲಿಗೆ ಬಂದು ಚಿಲಕ ತೆಗೆದ. ತಳ್ಳಿದ. ಬಾಗಿಲು ಅಲ್ಲಾಡಲಿಲ್ಲ. ಭುಜ ಕೊಟ್ಟು ತಳ್ಳಿದ. ಅಕ್ಕ, "ಅಯ್ಯೋ, ಬಾಗಿಲು ಮುರೀತೀಯ ಕಣೋ!" ಅಂದಳು. ತಾತ ಕೈ ಅಡ್ಡ ಹಿಡಿದು ಅವಳನ್ನು ಸುಮ್ಮನಿರಿಸಿ ಕೇಳಿದರು:

"ಏನಪ್ಪಾ, ನಿಮ್ಮನೆ ಬಾಗಿಲು ಒಳಕ್ಕೆ ತೆಗೆಯುತ್ತೋ, ಹೊರಕ್ಕೋ?"

ಹುಡುಗ ಉತ್ತರ ಕೊಡಲಿಲ್ಲ. ಹುಟ್ಟಿ ಬೆಳೆದ ಮನೆ. ದಿನಾ ಓಡಾಡುವ ಬಾಗಿಲು. ಟವೆಲ್ ಕಟ್ಟಿಕೊಂಡು ನಿಂತೇ ಇದ್ದ. ತಾತ ನಮ್ಮ ಕಡೆ ತಿರುಗಿ, "ನೀವಾದರೂ ಹೇಳ್ರಪ್ಪ, ನಿಮ್ಮ ನಿಮ್ಮ ಮನೇದು" ಅಂದರು. ಭಾವ ಗಡ್ಡ ಕೆರೆದುಕೊಂಡರು. ನಾನು ಮನಸ್ಸಿನಲ್ಲೇ ನಮ್ಮ ಮನೆ ಬಾಗಿಲಿನ ಹಿಡಿ ಹಿಡಿದು ನೋಡುತ್ತಿದ್ದೆ. ಅಕ್ಕನೇ ಸಿಡುಕಿದಳು: "ಬಾಗಿಲು ಬಾಗಿಲೇ. ಅದರಲ್ಲೇನು ಒಳಗೆ ಹೊರಗೆ?"

ಕೊನೆಗೆ ಹುಡುಗ ಎಳೆದ. ಬಾಗಿಲು ತೆರೆಯಿತು. ಅದರಾಚೆ ಗ್ರಿಲ್. ಗ್ರಿಲ್‌ಗೆ ಬೀಗ. ಬೀಗದ ಕೈ ಅಡಿಗೆಮನೆಯಲ್ಲಿ, ಫ್ರಿಜ್ ಪಕ್ಕದ ಮೊಳೆಯಲ್ಲಿ. ತಾತ ಟವೆಲ್ ಬಿಚ್ಚಿ, "ಕಳ್ಳರು ಬರದ ಹಾಗೆ ಚೆನ್ನಾಗಿ ಮಾಡಿಸಿದ್ದೀರಿ" ಅಂದರು. ಅಕ್ಕನಿಗೆ ಅದು ಹೊಗಳಿಕೆ ಅಲ್ಲ ಅಂತ ಗೊತ್ತಾಗಲು ಸ್ವಲ್ಪ ಹೊತ್ತು ಬೇಕಾಯಿತು. ಗೊತ್ತಾದ ಮೇಲೆ, "ಸಂಜೆ ಹೊತ್ತಲ್ಲಿ ಬೆಂಕಿ ಹೊಗೆ ಅಂತ ಯಾಕೆ, ಬಿಡ್ತು ಅನ್ನಿ" ಅಂದಳು.

ಆ ಪ್ರಶ್ನೆ ಅಂದಿನಿಂದ ನನ್ನ ತಲೆಯಲ್ಲಿ ಕೂತಿದೆ. ಒಳಕ್ಕೋ ಹೊರಕ್ಕೋ. ಮನೆಯ ಮಾತು ಬಿಡಿ, ಮನೆ ಬಾಗಿಲು ಒಳಕ್ಕೇ ಇರುತ್ತೆ, ನಾಲ್ಕು ಜನ ಎಳೆದು ತೆಗೆಯಬಹುದು. ಜನ ಸೇರುವ ಜಾಗದ ಕಥೆ ಬೇರೆ. ಹಿಂದಿನವರು ಮುಂದಿನವರನ್ನು ನೂಕುತ್ತಿದ್ದರೆ ಒಳಕ್ಕೆ ತೆಗೆಯುವ ಬಾಗಿಲನ್ನು ತೆಗೆಯುವುದಾದರೂ ಹೇಗೆ? ಮುಂದೆ ನಿಂತವನ ಎದೆಯೇ ಬಾಗಿಲಿಗೆ ಅಗುಳಿ. ಅದಕ್ಕೇ ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲಿ ಹೊರಹೋಗುವ ಬಾಗಿಲು ಹೊರಕ್ಕೆ ತೆರೆಯಬೇಕು ಅಂತ ಬರೆದಿಟ್ಟಿದ್ದಾರೆ. ಬರೆದಿಟ್ಟಿದ್ದಾರೆ, ಅಷ್ಟೇ.

ಬೆಂಗಳೂರಿನ ಹಳೇ ಏರ್‌ಪೋರ್ಟ್ ರಸ್ತೆಯ ಕಾರ್ಲ್‌ಟನ್ ಟವರ್ಸ್ ನೆನಪಿದೆಯಾ? 2010ರ ಫೆಬ್ರವರಿ 23. ಟಿವಿಯಲ್ಲಿ ನೋಡಿದ್ದು ಇನ್ನೂ ಕಣ್ಣಿಗೆ ಕಟ್ಟಿದೆ. ಹೊಗೆ ತಡೆಯಲಾರದೆ ಜನ ಕಿಟಕಿ ಒಡೆದು ಕೆಳಕ್ಕೆ ಹಾರಿದರು. 9 ಜನ ಹೋದರು. ಸುಟ್ಟುಹಾಕುವಂಥ ದೊಡ್ಡ ಬೆಂಕಿಯೇನೂ ಇರಲಿಲ್ಲ. ಹೊಗೆ ಇತ್ತು, ಹೊರಗೆ ಬರುವ ದಾರಿಗೆ ಬೀಗ ಇತ್ತು.

ಇದೆಲ್ಲ ತಲೆಯಲ್ಲಿ ತುಂಬಿಕೊಂಡಿದ್ದಾಗಲೇ ಶುಕ್ರವಾರ ಹುಡುಗನಿಗೆ ಅವನ ಕೋಚಿಂಗ್ ಸೆಂಟರಿನಲ್ಲಿ ಸನ್ಮಾನ. ನಾನೂ ಭಾವನೂ ಹೋದೆವು. ಬಟ್ಟೆ ಅಂಗಡಿಯ ಮೇಲೆ, ಮೂರನೇ ಮಹಡಿ. ಇರುವುದು ಒಂದೇ ಮೆಟ್ಟಿಲು. ಅದರ ಬುಡದಲ್ಲಿ ಕರೆಂಟಿನ ಮೀಟರ್ ಬೋರ್ಡು. ಮೀಟರ್ ಬೋರ್ಡಿಗೆ ಒರಗಿಸಿ ಬೈಕುಗಳು, ಸ್ಕೂಟಿಗಳು. ಪ್ರತಿ ಮೆಟ್ಟಿಲಿನ ಮೇಲೂ ಚಪ್ಪಲಿ. ಒಳಗೆ ಬೆಂಚಿಗೆ ಬೆಂಚು ತಾಗಿಸಿ ಕೂತ ಮಕ್ಕಳು. ರಸ್ತೆ ಕಡೆ ಇದ್ದ ಒಂದೇ ಒಂದು ದೊಡ್ಡ ಕಿಟಕಿಗೆ ಗ್ರಿಲ್, ಗ್ರಿಲ್ ಮೇಲೆ ಫ್ಲೆಕ್ಸ್. ಫ್ಲೆಕ್ಸ್‌ನಲ್ಲಿ ಏನಿತ್ತು ಗೊತ್ತಾ? ನಮ್ಮ ಹುಡುಗನ ಫೋಟೋ. "ಅಗ್ನಿಶಾಮಕ ಇಲಾಖೆಗೆ ಆಯ್ಕೆಯಾದ ನಮ್ಮ ಹೆಮ್ಮೆಯ ವಿದ್ಯಾರ್ಥಿ."

ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. ಅವನೇ ಆ ಕಿಟಕಿ ಮುಚ್ಚಿಕೊಂಡು ನಿಂತಿದ್ದ, ಮೂರು ಪಟ್ಟು ದೊಡ್ಡದಾಗಿ, ಕೈ ಮುಗಿದುಕೊಂಡು.

ಶಾಲು, ಪೇಟ, ಹಾರ ಆಯಿತು. ಸೆಂಟರಿನ ಸಾರ್ ಒಳ್ಳೆಯ ಮಾತುಗಾರರು. ಮನುಷ್ಯ ಕೆಟ್ಟವರಲ್ಲ, ಬಡ ಹುಡುಗರಿಗೆ ಫೀಸು ಬಿಟ್ಟಿದ್ದೂ ಉಂಟು. ಅದಕ್ಕೇ ನನಗೆ ಇನ್ನೂ ಸಂಕಟ. ಕಾಫಿ ಕುಡಿಯುವಾಗ ಮೆಲ್ಲಗೆ ಕೇಳಿದೆ, "ಇನ್ನೊಂದು ಕಡೆಯಿಂದ ಇಳಿಯೋಕೆ ದಾರಿ ಇಲ್ವಾ ಸಾರ್?"

"ಬಾಡಿಗೆ ಬಿಲ್ಡಿಂಗ್ ಸಾರ್. ಯಾಕೆ?"

"ಏನಿಲ್ಲ, ಕೆಳಗೆ ಮೀಟರ್ ಬೋರ್ಡಿದೆ, ಅಕಸ್ಮಾತ್ ಬೆಂಕಿಗಿಂಕಿ..."

"ಬಿಡ್ತು ಅನ್ನಿ ಸಾರ್, ಶುಭ ಕಾರ್ಯದ ದಿನ."

ಮಂಗಳವಾರ ಅಕ್ಕ ಅಂದದ್ದೂ ಇದೇ. ನಾವೆಲ್ಲ ಅನ್ನುವುದೂ ಇದೇ. ಕೆಟ್ಟದ್ದನ್ನು ಬಾಯಲ್ಲಿ ಹೇಳದಿದ್ದರೆ ಅದು ಬರುವುದಿಲ್ಲ ಅಂತ ಎಲ್ಲೋ ಒಳಗೆ ನಂಬಿದ್ದೇವೆ. ಸೂರತ್‌ನಲ್ಲಿ 2019ರ ಮೇ 24ರಂದು ಇಂಥದ್ದೇ ಒಂದು ಮಹಡಿ ಮೇಲಿನ ಕೋಚಿಂಗ್ ತರಗತಿಯಲ್ಲಿ 22 ಮಕ್ಕಳು ಸತ್ತರು. ಕೆಲವರು ಹಾರಿಯೇ ಸತ್ತರು. 2023ರ ಜೂನ್‌ನಲ್ಲಿ ದೆಹಲಿಯ ಮುಖರ್ಜಿ ನಗರದಲ್ಲಿ ಹೊತ್ತಿಕೊಂಡದ್ದು ಮೀಟರ್ ಬೋರ್ಡೇ. ಹುಡುಗ ಹುಡುಗಿಯರು ಕಿಟಕಿಯಿಂದ ಹಗ್ಗ, ವೈರು ಹಿಡಿದು ಜಾರಿ ಇಳಿಯುವ ವಿಡಿಯೋ ನಮ್ಮ ಎಲ್ಲರ ಮೊಬೈಲಿಗೂ ಬಂದಿತ್ತು. ನೋಡಿ, ಅಯ್ಯೋ ಅಂದು, ಫಾರ್ವರ್ಡ್ ಮಾಡಿ, ಮಾರನೇ ದಿನ ನಮ್ಮ ಮಕ್ಕಳನ್ನು ಇಂಥದ್ದೇ ಮೆಟ್ಟಿಲು ಹತ್ತಿಸಿದೆವು.

ನನಗೆ ಹುಡುಗನ ಮೇಲೆ ಹೆಮ್ಮೆ ಇದೆ, ಇಲ್ಲ ಅನ್ನಲ್ಲ. ಆದರೆ ಈ ವಾರ ಹೆಮ್ಮೆಗಿಂತ ಜಾಸ್ತಿ ಸಿಟ್ಟು ಬಂದಿದೆ, ಯಾರ ಮೇಲೆ ಅಂತ ಹೇಳೋಕಾಗಲ್ಲ. 101ಕ್ಕೆ ಫೋನ್ ಮಾಡಿದರೆ ಯಾರೋ ಬರುತ್ತಾರೆ, ಅವರು ಶೂರರು, ಅವರು ನೋಡಿಕೊಳ್ಳುತ್ತಾರೆ ಅನ್ನೋ ಧೈರ್ಯದಲ್ಲಿ ನಾವು ಗ್ರಿಲ್ ಮೇಲೆ ಗ್ರಿಲ್ ಹಾಕಿಸಿಕೊಂಡು ಮಲಗುತ್ತೇವೆ. ಆ ಯಾರೋ ಅಂದರೆ ಇನ್ನು ಮೇಲೆ ನಮ್ಮ ಹುಡುಗ. ಅವನು ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡು, ನೀರು ತುಂಬಿದ ಪೈಪು ಎಳೆದುಕೊಂಡು, ಇಂಥ ಮೆಟ್ಟಿಲಲ್ಲಿ ಚಪ್ಪಲಿಗಳನ್ನು ಎಡವುತ್ತಾ ಹತ್ತಬೇಕು. ಅಲ್ಲಿಂದ ಇಳಿದು ಓಡಿ ಬರುವ ಮಕ್ಕಳೂ ಅದೇ ಮೆಟ್ಟಿಲಲ್ಲಿ ಅವನಿಗೆ ಎದುರಾಗಬೇಕು. ಅವನ ಕೈ ಎಷ್ಟು ಬೆಳೆದಿದ್ದರೂ ಮೆಟ್ಟಿಲು ಅಗಲ ಆಗುತ್ತಾ?

ತಾತನಿಗೆ ಇದನ್ನೆಲ್ಲ ಹೇಳಿದೆ. ಅವರಿಗೇನೂ ಆಶ್ಚರ್ಯ ಆಗಲಿಲ್ಲ. "ಸರ್ವಿಸ್ ಉದ್ದಕ್ಕೂ ಬೀಗ ಒಡೆದಷ್ಟು ಬೆಂಕಿ ಆರಿಸಿಲ್ಲ ನಾನು" ಅಂದರು. ಆಮೇಲೆ, "ಏಪ್ರಿಲ್ 14ಕ್ಕೆ ಶಾಲೆ ಕಾಲೇಜಿಗೆ ಹೋಗಿ ಡೆಮೊ ಕೊಡ್ತಿದ್ವಿ. ಎಲ್ಲರೂ ಚಪ್ಪಾಳೆ ಹೊಡೆಯೋರು" ಅಂತ ಸೇರಿಸಿದರು. 1944ರಲ್ಲಿ ಅದೇ ದಿನ ಮುಂಬಯಿ ಬಂದರಿನಲ್ಲಿ ಮದ್ದುಗುಂಡು ತುಂಬಿದ ಹಡಗು ಸಿಡಿದು 66 ಅಗ್ನಿಶಾಮಕ ಸಿಬ್ಬಂದಿ ಸತ್ತಿದ್ದರು. ಅವರ ನೆನಪಿಗೆ ವಾರಪೂರ್ತಿ ಕಾರ್ಯಕ್ರಮ. ಅಲ್ಲೂ ನಾವು ನೋಡುವುದು ಏಣಿ ಹತ್ತೋದು, ನೀರು ಚಿಮ್ಮೋದು.

ಶನಿವಾರ ಹುಡುಗ ಒಂದು ಕೆಲಸ ಮಾಡಿದ. ನನಗೂ ಹೇಳಿರಲಿಲ್ಲ. ಮೈದಾನದ ಗೆಳೆಯರನ್ನು ಕರೆದುಕೊಂಡು ಸೆಂಟರಿಗೆ ಹೋಗಿ ತನ್ನ ಫ್ಲೆಕ್ಸ್ ಬಿಚ್ಚಿ ಪಕ್ಕದ ಗೋಡೆಗೆ ಕಟ್ಟಿದ. ಮೆಟ್ಟಿಲ ಬುಡದ ಬೈಕುಗಳನ್ನು ಎಲ್ಲರೂ ಸೇರಿ ಎತ್ತಿ ರಸ್ತೆಯ ಆಚೆ ಬದಿಗೆ ಸಾಲಾಗಿ ನಿಲ್ಲಿಸಿದರು. ಸಾರ್ ಏನೂ ಅನ್ನಲಿಲ್ಲವಂತೆ, ಫೋಟೋ ಕೂಡ ತೆಗೆದುಕೊಂಡರಂತೆ.

ಇವತ್ತು ಬೆಳಗ್ಗೆ ಆ ದಾರಿಯಲ್ಲಿ ಹೋಗುವಾಗ ಇಣುಕಿದೆ. ಫ್ಲೆಕ್ಸ್ ಗೋಡೆ ಮೇಲೇ ಇದೆ. ಬೈಕುಗಳು ಮಾತ್ರ ವಾಪಸ್ ಬಂದು ಮೀಟರ್ ಬೋರ್ಡಿಗೆ ಒರಗಿವೆ. ಎಲ್ಲಕ್ಕಿಂತ ಒಳಗೆ, ನೆರಳು ಚೆನ್ನಾಗಿರುವ ಜಾಗದಲ್ಲಿ, ಸಾರ್ ಅವರ ಸ್ಕೂಟರ್.